ಹಳೇ ಜೀಪಿಗೆ ಹೊಸ ಡ್ಯಾಶ್‌ಬೋರ್ಡ್, ಹೊಸ ವೈರಿಂಗ್: ಬುಡದಿಂದ ಮಾಡುವ ಕ್ರಮ

ಚಿಕ್ಕಬಳ್ಳಾಪುರ, ಚಿಂತಾಮಣಿ, ಗುಡಿಬಂಡೆ ಕಡೆ ತೋಟಕ್ಕೂ ಗುಡ್ಡಕ್ಕೂ ಇನ್ನೂ ಓಡುತ್ತಿರುವ ಮಹೀಂದ್ರಾ ಕಂಪನಿಯ ಎಂಎಂ 540, ಎಂಎಂ 550, ಸಿಜೆ 500 ಜೀಪುಗಳಲ್ಲಿ ಇಂಜಿನ್ ಗಟ್ಟಿಯಾಗಿಯೇ ಇರುತ್ತದೆ, ಕೈಕೊಡುವುದು ವೈರಿಂಗ್. ಡ್ಯಾಶ್‌ಬೋರ್ಡ್ ಹಿಂದೆ ಕೈ ಹಾಕಿ ಕಪ್ಪು ಟೇಪ್ ಸುತ್ತಿದ ಒಂದು ಜಾಯಿಂಟ್ ಬಿಚ್ಚಿ ನೋಡಿ. ಗೋಂದು ಕರಗಿ ಬೆರಳಿಗೆ ಅಂಟುತ್ತದೆ, ಒಳಗಿನ ತಾಮ್ರ ಹಸಿರು ಪುಡಿಯಾಗಿರುತ್ತದೆ, ಎಳೆಗಳಲ್ಲಿ ಕಾಲು ಭಾಗ ಮಾತ್ರ ಹಿಡಿದುಕೊಂಡಿರುತ್ತವೆ. ಇಂಥ ವೈರಿಂಗ್ ಇಟ್ಟುಕೊಂಡು ಹೊಸ ಡ್ಯಾಶ್‌ಬೋರ್ಡ್ ಕೂರಿಸಿದರೆ ಬೆಂಕಿಗೆ ಹೊಸ ಪ್ಲಾಸ್ಟಿಕ್ ಒದಗಿಸಿದಂತೆ. ಎರಡನ್ನೂ ಒಟ್ಟಿಗೇ ಬದಲಿಸಬೇಕು.

ಒಂದು ಅನುಕೂಲ ನಿಮ್ಮ ಕಡೆ ಇದೆ. ಮೆಕ್ಯಾನಿಕಲ್ ಪಂಪ್ ಇರುವ ಡೀಸೆಲ್ ಇಂಜಿನ್ ಒಮ್ಮೆ ಶುರುವಾದರೆ ಓಡಲು ಅದಕ್ಕೆ ಕರೆಂಟ್ ಹೆಚ್ಚೇನೂ ಬೇಡ. ಸೆಲ್ಫ್ (ಇಂಜಿನ್ ಶುರುಮಾಡುವ ಮೋಟಾರ್), ಹೀಟರ್ ಪ್ಲಗ್ ಇದ್ದರೆ ಅದು, ಪಂಪಿನ ಸ್ಟಾಪ್ ಸೊಲೆನಾಯ್ಡ್ (ಡೀಸೆಲ್ ಬಿಡುವ, ತಡೆಯುವ ವಿದ್ಯುತ್ ಕವಾಟ) ಇದ್ದರೆ ಅದು, ಚಾರ್ಜಿಂಗ್, ಮೀಟರ್‌ಗಳು, ಲೈಟು, ವೈಪರ್, ಹಾರ್ನ್ ಇಷ್ಟೇ ಕೆಲಸ. ಕಷ್ಟವೆಲ್ಲ ಇರುವುದು ಹೊಸ ಮೀಟರ್‌ಗೂ ಹಳೇ ಸೆಂಡರ್‌ಗೂ (ಟ್ಯಾಂಕ್, ಇಂಜಿನ್ ಕಡೆಯಿಂದ ಅಳತೆ ಕಳಿಸುವ ಭಾಗ) ಮಾತು ಕೂಡಿಸುವುದರಲ್ಲಿ. ಬರೀ ವೈರಿಂಗ್‌ಗೆ ಮೂರು ದಿನ ಹಿಡಿದರೆ ಮೀಟರ್ ಹೊಂದಿಸಲು ಎರಡು ದಿನ ಬೇಕು. ಹಾಗಾಗಿ ಡ್ಯಾಶ್‌ಬೋರ್ಡ್ ಕೊಳ್ಳುವಾಗ ಮೇಲಿನ ಅಂದಕ್ಕಿಂತ ಮೊದಲು ಕ್ಲಸ್ಟರ್ (ಮೀಟರ್ ಎಲ್ಲ ಕೂತಿರುವ ಪೆಟ್ಟಿಗೆ) ಹಿಂಭಾಗ ನೋಡಬೇಕು.

ಕೊಳ್ಳುವ ಮುಂಚೆ

ಮೊದಲು ನಿಮ್ಮ ಗಾಡಿ ಎಷ್ಟು ವೋಲ್ಟ್ ಎಂದು ಖಚಿತ ಮಾಡಿಕೊಳ್ಳಿ. ಸೇನೆಯ ಹರಾಜಿನಿಂದ ಬಂದ ಗಾಡಿಗಳಲ್ಲಿ 24 ವೋಲ್ಟ್ ಸಿಗಬಹುದು, ಬಹಳ ಹಳೆಯ ವಿಲ್ಲಿಸ್‌ಗಳಲ್ಲಿ 6 ವೋಲ್ಟ್. ಬ್ಯಾಟರಿ ಮಾತ್ರ ನೋಡಿ ನಿರ್ಧರಿಸಬೇಡಿ. ಸೆಲ್ಫ್ ಮತ್ತು ಆಲ್ಟರ್ನೇಟರ್ ಮೇಲಿನ ಪ್ಲೇಟ್ ಓದಿ. ಮುಂದೆ ಹೇಳುವುದೆಲ್ಲ 12 ವೋಲ್ಟ್, ನೆಗೆಟಿವ್ ಅರ್ಥ್ (ಬ್ಯಾಟರಿಯ ನೆಗೆಟಿವ್ ಬಾಡಿಗೆ ಕೂಡಿದ) ಗಾಡಿಗೆ.

ಡ್ಯಾಶ್‌ಬೋರ್ಡಿಗೆ ಗುಜರಿಯಲ್ಲಿ ಸಿಗುವ ಹತ್ತಿರದ ಆಯ್ಕೆ 2010ರಲ್ಲಿ ಬಂದ ಮೊದಲ ತಲೆಮಾರಿನ ಥಾರ್ ಅಥವಾ ಹಳೆಯ ಬೊಲೆರೊ. ಎರಡರಲ್ಲೂ ಡಿಐ (ಮೆಕ್ಯಾನಿಕಲ್ ಪಂಪಿನ ಡೀಸೆಲ್) ಗಾಡಿಯದನ್ನೇ ಹುಡುಕಿ. ಸಿಆರ್‌ಡಿಇ (ಕಾಮನ್ ರೈಲ್ ಡೀಸೆಲ್) ಇಂಜಿನ್ ನಡೆಸುವುದು ಇಸಿಯು ಎಂಬ ಕಂಪ್ಯೂಟರ್. ಅಂಥ ಗಾಡಿಯ ಕ್ಲಸ್ಟರಿಗೆ ಆರ್‌ಪಿಎಂ, ಟೆಂಪರೇಚರ್ ಸುದ್ದಿ ಇಸಿಯು ಕಡೆಯಿಂದ ಬರುವಂತಿದ್ದರೆ ನಿಮ್ಮ ಜೀಪಿನಲ್ಲಿ ಆ ಮುಳ್ಳುಗಳು ಅಲುಗುವುದೇ ಇಲ್ಲ. ಕ್ಲಸ್ಟರಿಗೆ ಹೋಗುವ ವೈರುಗಳಲ್ಲಿ ಒಂದಕ್ಕೊಂದು ಹೆಣೆದ ತೆಳುವಾದ ಜೋಡಿ ಕಂಡರೆ ಅದು ಕ್ಯಾನ್ ಲೈನ್ (ಇಸಿಯು ಸುದ್ದಿ ಸಾಗಿಸುವ ತಂತಿ) ಇರಬಹುದು, ಬಿಟ್ಟುಬಿಡಿ. ಚಿಪ್ ಕೀ ಇರುವ ಇಗ್ನಿಷನ್ ಸೆಟ್ಟನ್ನೂ ತರಬೇಡಿ.

ಕ್ಲಸ್ಟರ್ ತಿರುಗಿಸಿದಾಗ ಸ್ಪೀಡೋಮೀಟರ್ ಹಿಂದೆ ಚೌಕ ತೂತಿನ ದುಂಡು ಮೂತಿ ಇದ್ದರೆ ಅದು ಕೇಬಲ್ ಮೀಟರ್. ಬರೀ ಕಪ್ಲರ್ (ವೈರುಗಳನ್ನು ಸಿಕ್ಕಿಸುವ ಪ್ಲಗ್) ಇದ್ದರೆ ಸೆನ್ಸರ್ ಮೀಟರ್. ಹಳೇ ಟ್ರಾನ್ಸ್‌ಫರ್ ಕೇಸಿನಿಂದ ಕೇಬಲ್ ಬರುವ ಜೀಪಿಗೆ ಕೇಬಲ್ ಮೀಟರ್ ಸಿಕ್ಕರೆ ಅರ್ಧ ದಿನದ ಕೆಲಸ ಉಳಿಯುತ್ತದೆ.

ಗುಜರಿಯಲ್ಲಿ ಡ್ಯಾಶ್‌ಬೋರ್ಡ್ ಜೊತೆ ಇಷ್ಟನ್ನು ಕೇಳಿ ಪಡೆಯಿರಿ: ಕ್ಲಸ್ಟರಿನ ಕಪ್ಲರ್‌ಗಳು ಕನಿಷ್ಠ 20 ಸೆಂ.ಮೀ. ವೈರ್ ಬಾಲದ ಸಮೇತ, ಕಾಂಬಿನೇಷನ್ ಸ್ವಿಚ್ ಮತ್ತು ಅದರ ಕಪ್ಲರ್, ಇಗ್ನಿಷನ್ ಸ್ವಿಚ್ ಮತ್ತು ಅದರ ಕಪ್ಲರ್, ಡ್ಯಾಶ್‌ಬೋರ್ಡ್ ಒಳಗಿನ ಕಬ್ಬಿಣದ ಬ್ರಾಕೆಟ್‌ಗಳು, ಅದೇ ಗಾಡಿಯ ಟ್ಯಾಂಕ್ ಫ್ಲೋಟ್, ಟೆಂಪರೇಚರ್ ಸೆಂಡರ್, ಆಯಿಲ್ ಪ್ರೆಷರ್ ಸ್ವಿಚ್. ಕಪ್ಲರನ್ನು ಬುಡದಲ್ಲೇ ಕತ್ತರಿಸಿ ಕೊಟ್ಟರೆ ಒಪ್ಪಬೇಡಿ. ಬಿಡಿ ಕಪ್ಲರ್ ಹುಡುಕುತ್ತಾ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರ ಸುತ್ತಬೇಕಾಗುತ್ತದೆ.

ಪೂರ್ತಿ ಹಾರ್ನೆಸ್ಸನ್ನೇ (ವೈರುಗಳ ಇಡೀ ಕಟ್ಟು) ತರಬಹುದಲ್ಲ ಎಂದರೆ, ಕತ್ತರಿಸದ ಡಿಐ ಹಾರ್ನೆಸ್ ಸಿಕ್ಕರೆ ತನ್ನಿ. ಅಪಘಾತವಾದ ಗಾಡಿಯ, ನಾಲ್ಕು ಕಡೆ ಕತ್ತರಿಸಿ ಕಟ್ಟಿದ ಹಾರ್ನೆಸ್ಸಿಗಿಂತ ಹೊಸ ವೈರಿನಲ್ಲಿ ನಾವೇ ಕಟ್ಟುವುದು ಮೇಲು. ಇಲ್ಲಿ ಹೇಳುತ್ತಿರುವುದು ಆ ದಾರಿಯನ್ನೇ.

ಸಾಮಾನು

ಅಂಗಡಿಯಲ್ಲಿ “ಒಂದು ಸ್ಕ್ವೇರ್, ಒಂದೂವರೆ ಸ್ಕ್ವೇರ್, ಎರಡೂವರೆ ಸ್ಕ್ವೇರ್” ಅಂತ ಕೇಳಿ (ವೈರಿನ ದಪ್ಪ, ಚದರ ಮಿ.ಮೀ. ಲೆಕ್ಕದಲ್ಲಿ), ಆದರೆ ಆಟೋ ವೈರನ್ನೇ ಕೇಳಿ. ಮನೆ ವೈರಿನ ಪಿವಿಸಿ ಇಂಜಿನ್ ಬಿಸಿಗೂ ಆಯಿಲ್‌ಗೂ ಮಾಡಿದ್ದಲ್ಲ. ಎಕ್ಸಾಸ್ಟ್ ಪಕ್ಕ ಮೆತ್ತಗಾಗಿ ಸಿಪ್ಪೆ ಬಿಡುತ್ತದೆ. ಒಂದು ಜೀಪಿಗೆ ಅಂದಾಜು: 1 ಸ್ಕ್ವೇರ್ ಐದಾರು ಬಣ್ಣದಲ್ಲಿ ಒಟ್ಟು 40 ಮೀಟರ್, 1.5 ಸ್ಕ್ವೇರ್ 25 ಮೀಟರ್, 2.5 ಸ್ಕ್ವೇರ್ 15 ಮೀಟರ್, 10 ಸ್ಕ್ವೇರ್ 4 ಮೀಟರ್, ಬ್ಯಾಟರಿ ಮತ್ತು ಸೆಲ್ಫಿಗೆ 35 ಅಥವಾ 50 ಸ್ಕ್ವೇರ್ ಎರಡೂವರೆ ಮೀಟರ್. 12 ದಾರಿಯ ಬ್ಲೇಡ್ ಫ್ಯೂಸ್ ಬಾಕ್ಸ್ ಒಂದು, 30 ಆಂಪಿಯರ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಚ್ಚುವ ಸ್ವಿಚ್) ಐದು ಬೇಸ್ ಸಮೇತ, ಹೀಟರ್ ಪ್ಲಗ್ ಇದ್ದರೆ 70 ಆಂಪಿಯರ್ ರಿಲೇ ಒಂದು, ಪಟ್ಟಿ ಫ್ಯೂಸ್ 60 ಮತ್ತು 80 ಆಂಪಿಯರ್ ಹೋಲ್ಡರ್ ಸಮೇತ, ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಹಾಕುವ ಬಳೆ) ಒಂದು ಡಜನ್, ಸುಕ್ಕು ಸ್ಲೀವ್ 20 ಮೀಟರ್, ಬಟ್ಟೆ ಟೇಪ್ ನಾಲ್ಕು ರೋಲ್, ಬೇಕಾದಷ್ಟು ಥಿಂಬಲ್ (ವೈರ್ ತುದಿಗೆ ಹಾಕುವ ಲೋಹದ ತೊಟ್ಟು).

ಉಪಕರಣಗಳಲ್ಲಿ ಉಳಿತಾಯ ಮಾಡಬಾರದ್ದು ಕ್ರಿಂಪಿಂಗ್ ಪ್ಲಾಸ್ (ಥಿಂಬಲನ್ನು ವೈರಿಗೆ ಒತ್ತಿ ಕೂರಿಸುವ ಇಕ್ಕಳ). ರ‍್ಯಾಚೆಟ್ ಇರುವುದನ್ನೇ ಕೊಳ್ಳಿ. ಕಲ್ಲು ದಾರಿಯ ಅದುರಿಗೆ ಬೆಸುಗೆ ಹಾಕಿದ ವೈರು ಸೀಸ ಮುಗಿಯುವ ಅಂಚಿನಲ್ಲೇ ತುಂಡಾಗುತ್ತದೆ, ಯಾಕೆಂದರೆ ಅಲ್ಲಿಯವರೆಗೆ ಅದು ಕಡ್ಡಿಯಂತೆ ಬಿಗಿ, ಅಲ್ಲಿಂದಾಚೆ ಮೆದು. ಸರಿಯಾಗಿ ಕ್ರಿಂಪ್ ಮಾಡಿದ ಥಿಂಬಲ್ ಕೈಯಿಂದ ಎಷ್ಟು ಜಗ್ಗಿದರೂ ಬರಬಾರದು. ಪ್ರತಿಯೊಂದನ್ನೂ ಜಗ್ಗಿ ನೋಡಿಯೇ ಕೂರಿಸಿ.

ಬಿಚ್ಚುವುದು

ಬ್ಯಾಟರಿಯ ನೆಗೆಟಿವ್ ಮೊದಲು ಕಳಚಿ, ಆಮೇಲೆ ಪಾಸಿಟಿವ್. ಹಳೇ ಮೀಟರಿನ ಕಿಲೋಮೀಟರ್ ಓದಿ, ಫೋಟೊ ತೆಗೆದು, ಗಾಡಿ ದಾಖಲೆಯ ಜೊತೆ ಬರೆದಿಡಿ. ಮುಂದೆ ಮಾರುವಾಗ ಕೊಳ್ಳುವವರಿಗೆ ಹೇಳಬೇಕಾದ ಸಂಗತಿ ಅದು. ಪ್ರತಿ ವೈರಿಗೂ ಕತ್ತರಿಸುವ ಮುಂಚೆ ಬಿಳಿ ಟೇಪಿನ ಚೀಟಿ ಅಂಟಿಸಿ, “ಎಡ ಪಾರ್ಕ್”, “ಆಯಿಲ್”, “ಸೆಲ್ಫ್” ಎಂದು ಬರೆಯಿರಿ. ಹಳೇ ಬಣ್ಣಗಳನ್ನು ನಂಬಬೇಡಿ, ಎರಡು ತುದಿಗೂ ಮಲ್ಟಿಮೀಟರ್ ಹಿಡಿದು ನೋಡಿ.

ಹಳೇ ಡ್ಯಾಶ್‌ಬೋರ್ಡಿನಲ್ಲಿ ಆಂಪಿಯರ್ ಮೀಟರ್ ಇದ್ದರೆ ಅದನ್ನು ಹೊಸದಕ್ಕೆ ವರ್ಗಾಯಿಸಬೇಡಿ. ಅದರಲ್ಲಿ ಗಾಡಿಯ ಹೆಚ್ಚುಕಡಿಮೆ ಇಡೀ ಕರೆಂಟ್ ಫ್ಯೂಸ್ ಇಲ್ಲದೆ ಡ್ಯಾಶ್‌ಬೋರ್ಡಿಗೆ ಬಂದು ಎರಡು ನಟ್ಟುಗಳ ಮೂಲಕ ವಾಪಸ್ ಹೋಗುತ್ತದೆ. ನಟ್ಟು ಸಡಿಲವಾದರೆ ಅಲ್ಲೇ ಕಾದು ಕೆಂಪಾಗುತ್ತದೆ, ಬಾಡಿಗೆ ತಗುಲಿದರೆ ಬೆಂಕಿ. ಬದಲಿಗೆ ವೋಲ್ಟ್ ಮೀಟರ್ ಹಾಕಿ. ಇಂಜಿನ್ ಓಡುವಾಗ 13.8ರಿಂದ 14.4 ತೋರಿದರೆ ಚಾರ್ಜಿಂಗ್ ಸರಿಯಾಗಿದೆ.

ಡ್ಯಾಶ್‌ಬೋರ್ಡ್ ಕೂರಿಸುವುದು

ವೈರ್ ಮುಟ್ಟುವ ಮುಂಚೆ ಖಾಲಿ ಡ್ಯಾಶ್‌ಬೋರ್ಡನ್ನು ಜಾಗದಲ್ಲಿಟ್ಟು ಅಳೆಯಿರಿ. ಥಾರ್ ಬಾಡಿ ನೋಡಲು ಹಳೇ ಜೀಪಿನ ತಮ್ಮನಂತಿದ್ದರೂ ಬೋಲ್ಟ್ ತೂತುಗಳು ಹೊಂದುತ್ತವೆ ಎಂದು ನೆಚ್ಚಿಕೊಳ್ಳಬೇಡಿ. ಅಡ್ಡಕ್ಕೆ 20 ಮಿ.ಮೀ. ಚೌಕ ಪೈಪ್ ಒಂದನ್ನು ಎರಡು ಬದಿಯ ಬಾಡಿಗೆ ಬೋಲ್ಟ್ ಮಾಡಿ, ಅದಕ್ಕೆ 3 ಮಿ.ಮೀ. ಪಟ್ಟಿಯಲ್ಲಿ ಬ್ರಾಕೆಟ್ ಮಾಡಿಸುವುದು ಸುಲಭ. ವೆಲ್ಡಿಂಗ್ ಎಲ್ಲ ಈ ಹಂತದಲ್ಲೇ, ಬ್ಯಾಟರಿ ಮತ್ತು ಆಲ್ಟರ್ನೇಟರ್ ವೈರ್ ಕಳಚಿದಾಗಲೇ ಮುಗಿಯಬೇಕು. ಪ್ಲಾಸ್ಟಿಕ್ ಮತ್ತು ಕಬ್ಬಿಣದ ನಡುವೆ ರಬ್ಬರ್ ವಾಷರ್ ಹಾಕಿ. ಇಲ್ಲದಿದ್ದರೆ ಒಂದೇ ಬೇಸಿಗೆಯಲ್ಲಿ ಸ್ಕ್ರೂ ಸುತ್ತ ಬಿರುಕು ಬಿಡುತ್ತದೆ.

ಕೂತ ಮೇಲೆ ಇಷ್ಟು ನೋಡಿ: ಕ್ಲಸ್ಟರ್ ಹಿಂದೆ ಕಪ್ಲರ್ ತಿರುಗಲು ಹತ್ತು ಸೆಂ.ಮೀ. ಜಾಗ, ಮೀಟರ್ ಕೇಬಲ್ ಮಡಚದೆ ಬರುವಷ್ಟು ಬಾಗು, ವೈಪರ್ ಸರಳು ಪೂರ್ತಿ ಆಡುವುದು, ಇಂಜಿನ್ ಸ್ಟಾಪ್ ಎಳೆಯುವ ಕೇಬಲ್ ಇದ್ದರೆ ಅದಕ್ಕೆ ಸಲೀಸಾದ ತೂತು. ಗಾಡಿಗೆ ಕಂಪನಿ ಹಾಕಿದ ಗುರುತಿನ ಪ್ಲೇಟ್‌ಗಳು, ಅಚ್ಚೊತ್ತಿದ ಚಾಸಿಸ್ ನಂಬರ್ ಎಲ್ಲೂ ಮುಚ್ಚಿಹೋಗಬಾರದು. ಆರ್‌ಸಿ ನವೀಕರಣಕ್ಕೆ ಹೋದಾಗ ಅವುಗಳನ್ನು ನೋಡಿಯೇ ನೋಡುತ್ತಾರೆ, ಸ್ಪೀಡೋಮೀಟರ್ ಓಡಬೇಕೆನ್ನುವುದೂ ನಿಯಮವೇ.

ಅರ್ಥ್ ಮೊದಲು

ಹೊಸ ವೈರಿಂಗ್‌ನಲ್ಲಿ ಬರುವ ತೊಂದರೆಗಳ ದೊಡ್ಡ ಪಾಲು ಅರ್ಥಿನದು. ಜೀಪಿನ ಬಾಡಿ ಚಾಸಿಸ್ ಮೇಲೆ ರಬ್ಬರ್ ಪ್ಯಾಡಿನಲ್ಲಿ ಕೂತಿರುತ್ತದೆ, ಇಂಜಿನ್ನೂ ರಬ್ಬರ್ ಮೌಂಟಿನಲ್ಲಿರುತ್ತದೆ. ಮೂರೂ ತಾವಾಗಿ ಕೂಡಿಕೊಂಡಿಲ್ಲ. ಬ್ಯಾಟರಿ ನೆಗೆಟಿವ್‌ನಿಂದ ಚಾಸಿಸ್‌ಗೆ ಒಂದು ದಪ್ಪ ಕೇಬಲ್, ಇಂಜಿನ್ ಬ್ಲಾಕಿಗೆ ಇನ್ನೊಂದು ದಪ್ಪ ಕೇಬಲ್, ಬಾಡಿಗೆ 10 ಸ್ಕ್ವೇರ್ ಒಂದು ಕೊಡಿ. ಡ್ಯಾಶ್‌ಬೋರ್ಡ್ ಹಿಂದೆ ಬಾಡಿಗೆ ಒಂದು 8 ಮಿ.ಮೀ. ಬೋಲ್ಟ್ ಹಾಕಿ ಒಳಗಿನ ಅರ್ಥ್ ಎಲ್ಲ ಅಲ್ಲಿಗೇ ಸೇರಿಸಿ. ಬಣ್ಣ ಹೊಳೆಯುವ ತನಕ ಕೆರೆದು, ಸ್ಟಾರ್ ವಾಷರ್ ಇಟ್ಟು ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಬಳಿಯಿರಿ.

ಇಂಜಿನ್ ಅರ್ಥ್ ಮರೆತರೆ ಏನಾಗುತ್ತದೆ ಗೊತ್ತೇ? ಸೆಲ್ಫ್ ಎಳೆಯುವ ನೂರಾರು ಆಂಪಿಯರ್ ಆಕ್ಸಿಲರೇಟರ್ ಕೇಬಲ್, ಮೀಟರ್ ಕೇಬಲ್ ಹೀಗೆ ಸಿಕ್ಕ ದಾರಿಯಲ್ಲಿ ಹರಿಯುತ್ತದೆ. ಸೆಲ್ಫ್ ಹೊಡೆದಾಗ ಕೇಬಲ್ ಹೊರಕವಚ ಬಿಸಿಯಾಗಿ ಹೊಗೆ ಬಂದರೆ ಕಾರಣ ಇದೇ.

ಪವರ್ ಹಂಚುವುದು

ಬ್ಯಾಟರಿ ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ 60 ಆಂಪಿಯರ್ ಪಟ್ಟಿ ಫ್ಯೂಸ್, ಅಲ್ಲಿಂದ 10 ಸ್ಕ್ವೇರ್ ವೈರಿನಲ್ಲಿ ಫ್ಯೂಸ್ ಬಾಕ್ಸಿಗೆ. ಆಲ್ಟರ್ನೇಟರಿನ ಬಿ ಪ್ಲಸ್ (ಕರೆಂಟ್ ಹೊರಬರುವ ಕಂಬ) ನೇರ ಬ್ಯಾಟರಿಗೆ, ಅದರ ಪ್ಲೇಟಿನಲ್ಲಿ ಬರೆದ ಆಂಪಿಯರಿಗಿಂತ ಸ್ವಲ್ಪ ದೊಡ್ಡ ಫ್ಯೂಸ್ ಮೂಲಕ. ಸೆಲ್ಫಿನ ದಪ್ಪ ಕೇಬಲಿಗೆ ಮಾತ್ರ ಫ್ಯೂಸ್ ಇರುವುದಿಲ್ಲ. ಅದಕ್ಕೇ ಅದರ ದಾರಿ ಎಲ್ಲೂ ಕಬ್ಬಿಣಕ್ಕೆ ಉಜ್ಜದಂತೆ ಕ್ಲಾಂಪ್ ಮಾಡಿ.

ಪ್ಯೂಜೊ ವಿನ್ಯಾಸದ ಎಕ್ಸ್‌ಡಿಪಿ ಇಂಜಿನ್ ಇದ್ದರೆ ನಾಲ್ಕು ಹೀಟರ್ ಪ್ಲಗ್ ಸೇರಿ ಶುರುವಿನಲ್ಲಿ 60 ಆಂಪಿಯರಿಗೂ ಮೇಲೆ ಎಳೆಯಬಲ್ಲವು. ಅವುಗಳಿಗೆ ಬೇರೆಯೇ 80 ಆಂಪಿಯರ್ ಫ್ಯೂಸ್, 70 ಆಂಪಿಯರ್ ರಿಲೇ, 10 ಸ್ಕ್ವೇರ್ ವೈರ್. ಕೀ ಸ್ವಿಚ್ ಮೂಲಕ ಹಾಯಿಸಿದರೆ ಸ್ವಿಚ್ ಕರಗುತ್ತದೆ.

ಲೈಟುಗಳ ಲೆಕ್ಕ ಸರಳ, ವಾಟನ್ನು 12ರಿಂದ ಭಾಗಿಸಿ. 55 ವಾಟಿನ ಎರಡು ಡಿಮ್ 9.2 ಆಂಪಿಯರ್, 60ರ ಎರಡು ಬ್ರೈಟ್ 10 ಆಂಪಿಯರ್. ಡಿಮ್‌ಗೊಂದು ಬ್ರೈಟ್‌ಗೊಂದು ರಿಲೇ, ರಿಲೇಗೆ 2.5 ಸ್ಕ್ವೇರ್, ಅಲ್ಲಿಂದ ಪ್ರತಿ ಬಲ್ಬಿಗೆ 1.5 ಸ್ಕ್ವೇರ್, ಎಡ ಬಲಕ್ಕೆ ಬೇರೆ ಬೇರೆ 10 ಆಂಪಿಯರ್ ಫ್ಯೂಸ್. ಹೀಗಿದ್ದರೆ ಒಂದು ಫ್ಯೂಸ್ ಹೋದರೂ ರಾತ್ರಿ ಗುಡ್ಡದ ತಿರುವಿನಲ್ಲಿ ಪೂರ್ತಿ ಕತ್ತಲಾಗುವುದಿಲ್ಲ. ಸ್ವಿಚ್ಚಿನಲ್ಲಿ ಹರಿಯುವುದು ರಿಲೇ ಕಾಯಿಲ್ಲಿನ ಕರೆಂಟ್ ಮಾತ್ರ, 0.2 ಆಂಪಿಯರಿಗೂ ಕಡಿಮೆ. ಹಳೇ ಜೀಪುಗಳ ಹೆಡ್‌ಲೈಟ್ ಮಂಕಾಗಿರುವುದಕ್ಕೆ ಬಲ್ಬನ್ನು ದೂರುವವರೇ ಹೆಚ್ಚು. ಲೈಟ್ ಹಚ್ಚಿ ಬಲ್ಬಿನ ಕಪ್ಲರಿನಲ್ಲಿ ವೋಲ್ಟ್ ಅಳೆದರೆ ನಿಜ ಗೊತ್ತಾಗುತ್ತದೆ. ವೋಲ್ಟೇಜ್ ಶೇ. 10 ಇಳಿದರೆ ಬೆಳಕು ಸುಮಾರು ಶೇ. 30 ಇಳಿಯುತ್ತದೆ. ರಿಲೇ ಹಾಕಿದ ಮೇಲೆ ಬ್ಯಾಟರಿಗೂ ಬಲ್ಬಿಗೂ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು.

ಉಳಿದವು: ಪಾರ್ಕ್ ಮತ್ತು ಮೀಟರ್ ಬಲ್ಬಿಗೆ 7.5 ಆಂಪಿಯರ್, ಬ್ರೇಕ್ ಲೈಟಿಗೆ 10, ಇಂಡಿಕೇಟರ್ ಹಾಗೂ ಹಜಾರ್ಡ್‌ಗೆ 10, ಹಾರ್ನಿಗೆ ರಿಲೇ ಸಮೇತ 15, ವೈಪರಿಗೆ 15, ಕ್ಲಸ್ಟರಿಗೆ 5, ಸ್ಟಾಪ್ ಸೊಲೆನಾಯ್ಡಿಗೆ ಪ್ರತ್ಯೇಕ 5. ವೈಪರ್, ಹಾರ್ನಿಗೆ 1.5 ಸ್ಕ್ವೇರ್, ಮಿಕ್ಕವಕ್ಕೆ 1 ಸ್ಕ್ವೇರ್ ಸಾಕು.

ಚಾರ್ಜಿಂಗ್ ಲೈಟಿನ ಒಳಗುಟ್ಟು

ಕ್ಲಸ್ಟರಿನ ಬ್ಯಾಟರಿ ಲೈಟ್ ಬರೀ ಸೂಚನೆಗಲ್ಲ. ಕೀ ಹಾಕಿದಾಗ ಆಲ್ಟರ್ನೇಟರಿಗೆ ಮೊದಲ ಚೈತನ್ಯ ಕೊಡುವ ಕರೆಂಟ್ ಆ ಬಲ್ಬಿನ ಮೂಲಕವೇ ಡಿ ಪ್ಲಸ್ ಅಥವಾ ಎಲ್ ಪಿನ್ನಿಗೆ ಹೋಗುತ್ತದೆ. ಹೊಸ ಕ್ಲಸ್ಟರಿನಲ್ಲಿ ಬಲ್ಬಿನ ಜಾಗದಲ್ಲಿ ಎಲ್‌ಇಡಿ ಇದ್ದರೆ ಆ ಕರೆಂಟ್ ಸಾಲದೆ ಆಲ್ಟರ್ನೇಟರ್ ಏಳುವುದೇ ಇಲ್ಲ, ಅಥವಾ ಒಮ್ಮೆ ಜೋರಾಗಿ ರೇಸ್ ಕೊಟ್ಟ ಮೇಲೆ ಏಳುತ್ತದೆ. ಕೀ ಲೈನಿಗೂ ಎಲ್ ಪಿನ್ನಿಗೂ ನಡುವೆ, ಆ ಲೈಟಿಗೆ ಸಮಾನಾಂತರವಾಗಿ 47 ಓಮ್, 5 ವಾಟ್ ರೆಸಿಸ್ಟರ್ ಹಾಕಿದರೆ ಸರಿಹೋಗುತ್ತದೆ. ಅದು ಬಿಸಿಯಾಗುತ್ತದೆ, ಪ್ಲಾಸ್ಟಿಕ್‌ಗೆ ತಾಗದಂತಿಡಿ.

ಇದರ ತದ್ವಿರುದ್ಧ ತೊಂದರೆಯೊಂದಿದೆ: ಕೀ ತೆಗೆದರೂ ಇಂಜಿನ್ ನಿಲ್ಲುವುದಿಲ್ಲ. ಕೀ ಇದ್ದಾಗ ಕರೆಂಟ್ ಪಡೆದು ಡೀಸೆಲ್ ಬಿಡುವ ಸೊಲೆನಾಯ್ಡ್ ಇರುವ ಪಂಪುಗಳಲ್ಲಿ, ಆಲ್ಟರ್ನೇಟರಿನ ಕರೆಂಟ್ ಇದೇ ಚಾರ್ಜಿಂಗ್ ಲೈಟ್ ದಾರಿಯಲ್ಲಿ ಹಿಂದಕ್ಕೆ ಬಂದು ಸೊಲೆನಾಯ್ಡನ್ನು ಹಿಡಿದಿಡುತ್ತದೆ. ಎಲ್ ಪಿನ್ನಿಗೆ ಹೋಗುವ ವೈರಿನಲ್ಲಿ, ಲೈಟೂ ರೆಸಿಸ್ಟರೂ ಕೂಡುವ ಜಾಗದಿಂದ ಆಚೆ, 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಒಂದನ್ನು ಬೆಳ್ಳಿ ಗೆರೆ ಆಲ್ಟರ್ನೇಟರ್ ಕಡೆ ಇರುವಂತೆ ಹಾಕಿ.

ಮೀಟರ್‌ಗೆ ಸೆಂಡರ್ ಹೊಂದಿಸುವುದು

ಡೀಸೆಲ್ ಗೇಜ್: ಫ್ಲೋಟ್ ಕೈಯಲ್ಲಿ ಹಿಡಿದು ಕೆಳಗಿಟ್ಟಾಗ ಎಷ್ಟು ಓಮ್, ಮೇಲೆತ್ತಿದಾಗ ಎಷ್ಟು ಓಮ್ ಎಂದು ಅಳೆದು ಬರೆಯಿರಿ. ಕೆಲವು ಫ್ಲೋಟುಗಳಲ್ಲಿ ಖಾಲಿಗೆ 10, ತುಂಬಿದಾಗ 180. ಕೆಲವದರಲ್ಲಿ ಖಾಲಿಗೆ 73, ತುಂಬಿದಾಗ 10. ದಿಕ್ಕು ಉಲ್ಟಾ ಇರುವ ಜೋಡಿಯಲ್ಲಿ ಟ್ಯಾಂಕ್ ಖಾಲಿಯಾದಂತೆ ಮುಳ್ಳು ಏರುತ್ತದೆ, ಯಾವ ರೆಸಿಸ್ಟರೂ ಅದನ್ನು ಸರಿ ಮಾಡದು. ಹೊಸ ಕ್ಲಸ್ಟರಿನ ಗಾಡಿಯ ಫ್ಲೋಟೇ ಹಾಕಬೇಕು. ಕೆಲವು ಜೀಪುಗಳಲ್ಲಿ ಟ್ಯಾಂಕ್ ಡ್ರೈವರ್ ಸೀಟಿನ ಕೆಳಗಿದ್ದು ಆಳ ಕಡಿಮೆ, ಫ್ಲೋಟ್ ತಂತಿ ಬಗ್ಗಿಸಿ ಹೊಂದಿಸಬೇಕು. ತಳದಲ್ಲಿ ಐದು ಲೀಟರ್ ಉಳಿದಾಗ ಮುಳ್ಳು ಕೆಂಪು ಮುಟ್ಟುವಂತೆ ನೋಡಿಕೊಂಡರೆ ಕ್ಷೇಮ. ಡೀಸೆಲ್ ಪೂರ್ತಿ ಖಾಲಿಯಾಗಿ ಗಾಳಿ ಹಿಡಿದರೆ ಮತ್ತೆ ಏರ್ ಬಿಡಿಸುವ ಪಾಡು.

ಟೆಂಪರೇಚರ್: ಬಿಸಿಯಾದಂತೆ ಸೆಂಡರಿನ ಓಮ್ ಇಳಿಯುತ್ತದೆ. ಹಳೆಯದು, ಹೊಸದು ಎರಡನ್ನೂ ಒಂದೇ ಪಾತ್ರೆಯ ನೀರಿನಲ್ಲಿಳಿಸಿ ಥರ್ಮಾಮೀಟರ್ ಇಟ್ಟು 40, 60, 80 ಡಿಗ್ರಿಯಲ್ಲಿ ಓಮ್ ಬರೆಯಿರಿ. ನಮ್ಮ ಕಡೆ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರವಾದ್ದರಿಂದ ನೀರು ಕುದಿಯುವುದು 97 ಡಿಗ್ರಿಯ ಹತ್ತಿರ. ಕುದಿ ಬಂತೆಂದು 100 ಎಂದು ಬರೆಯಬೇಡಿ. ಓಮ್ ಹೊಂದದಿದ್ದರೆ ಹೊಸ ಸೆಂಡರ್ ಹಾಕಿ. ಮರೆ (ತಿರುಪಿನ ಸುತ್ತುಗೆರೆ) ಬೇರೆಯಾಗಿದ್ದರೆ ಲೇತಿನಲ್ಲಿ ಹಿತ್ತಾಳೆ ಅಡಾಪ್ಟರ್ ಮಾಡಿಸಿ, ಬಲವಂತದಿಂದ ತಿರುಗಿಸಿದರೆ ಹೆಡ್ಡಿನ ಮರೆ ಹೋಗುತ್ತದೆ. ಒಂದೇ ಪಿನ್ನಿನ ಸೆಂಡರ್ ಅರ್ಥ್ ಪಡೆಯುವುದು ಮರೆಯ ಮೂಲಕ. ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಿದರೆ ಅರ್ಥ್ ಕಡಿದು, ಇಂಜಿನ್ ಕುದಿಯುತ್ತಿದ್ದರೂ ಗೇಜ್ ತಣ್ಣಗೆ ತೋರಿಸುತ್ತದೆ. ಈ ಒಂದು ತಪ್ಪಿಗೆ ಹೆಡ್ ಗ್ಯಾಸ್ಕೆಟ್ಟೇ ಬೆಲೆ ತೆರಬೇಕಾಗುತ್ತದೆ.

ಆರ್‌ಪಿಎಂ: ಡೀಸೆಲ್ಲಿಗೆ ಇಗ್ನಿಷನ್ ಕಾಯಿಲ್ ಇಲ್ಲ, ಸುದ್ದಿ ಬರುವುದು ಆಲ್ಟರ್ನೇಟರಿನ ಡಬ್ಲ್ಯು ಪಿನ್ನಿಂದ. ಪುಲ್ಲಿ ಅಳತೆ ಬೇರೆಯಾದರೆ ಮುಳ್ಳು ಸುಳ್ಳು ಹೇಳುತ್ತದೆ. ಕ್ಲಸ್ಟರ್ ತಂದ ಗಾಡಿಯ ಆಲ್ಟರ್ನೇಟರನ್ನೇ ಅದರ ಪುಲ್ಲಿ ಸಮೇತ ಹಾಕಿದರೂ ಇಂಜಿನ್ ಕಡೆಯ ಪುಲ್ಲಿ ಒಂದೇ ಅಳತೆ ಇರಬೇಕು.

ಸ್ಪೀಡ್: ಕೇಬಲ್ ಮೀಟರ್ ತುದಿ ಬಿಚ್ಚಿ, ಒಳ ತಂತಿಗೆ ಕಾಗದದ ಬಾವುಟ ಅಂಟಿಸಿ. ನೆಲದಲ್ಲಿ 20 ಮೀಟರ್ ಗುರುತು ಹಾಕಿ, ಗಾಡಿ ನ್ಯೂಟ್ರಲ್‌ನಲ್ಲಿ ತಳ್ಳಿ, ಬಾವುಟ ಎಷ್ಟು ಸುತ್ತು ಹೊಡೆಯಿತೆಂದು ಎಣಿಸಿ. ಅದನ್ನು 50ರಿಂದ ಗುಣಿಸಿದರೆ ಕಿಲೋಮೀಟರಿಗೆ ಎಷ್ಟು ಸುತ್ತು ಎಂಬುದು ಸಿಗುತ್ತದೆ. 13 ಸುತ್ತು ಬಂದರೆ 650. ಮೀಟರ್ ಕೇಳುವುದು 600 ಆಗಿದ್ದರೆ ಶೇ. 8 ಹೆಚ್ಚು ತೋರುತ್ತದೆ. ಸೆನ್ಸರ್ ಮೀಟರ್ ಆದರೆ ಕೇಬಲ್ ಜಾಗಕ್ಕೆ ತಿರುಪುವ ಹಾಲ್ ಸೆನ್ಸರ್ (ಸುತ್ತು ಎಣಿಸುವ ಸೆನ್ಸರ್) ಬೇಕು. ಕೊನೆಗೆ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಬಾಗೇಪಲ್ಲಿ ಕಡೆಗೆ 40 ಮತ್ತು 60ರಲ್ಲಿ ಒಂದೇ ಸಮ ಓಡಿಸಿ, ಪಕ್ಕದವರು ಮೊಬೈಲಿನ ಜಿಪಿಎಸ್ ಓದಲಿ.

ಹಾರ್ನೆಸ್ ಕಟ್ಟುವುದು

ವೈರುಗಳನ್ನು ಮೇಜಿನ ಮೇಲೆ ಕಟ್ಟದೆ ಗಾಡಿಯಲ್ಲೇ ಹಾಸಿ, ಪ್ರತಿ ತುದಿಗೂ ಒಂದು ಗೇಣು ಹೆಚ್ಚು ಬಿಟ್ಟು ಕತ್ತರಿಸಿ. ಮುಂಭಾಗ, ಡ್ಯಾಶ್‌ಬೋರ್ಡ್, ಹಿಂಭಾಗ ಎಂದು ಮೂರು ತುಂಡು ಮಾಡಿ ನಡುವೆ ಕಪ್ಲರ್ ಕೊಡಿ. ಮುಂದೆ ಡ್ಯಾಶ್‌ಬೋರ್ಡ್ ಇಳಿಸಬೇಕಾದಾಗ ಹತ್ತು ನಿಮಿಷದ ಕೆಲಸ. ಫೈರ್‌ವಾಲ್ (ಇಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡು ಗೋಡೆ) ತೂತಿಗೆ ಗ್ರಾಮೆಟ್ ಕಡ್ಡಾಯ. ಮಡಚುವ ಗಾಜಿನ ಫ್ರೇಮಿನಲ್ಲಿ ವೈಪರ್ ಮೋಟಾರ್ ಇದ್ದರೆ ಕೀಲಿನ ಬಳಿ ಕಪ್ಲರ್ ಮತ್ತು ಸಡಿಲ ಬೇಕು. ಎಕ್ಸಾಸ್ಟಿನಿಂದ ಒಂದು ಗೇಣು ದೂರ, ಇಂಜಿನ್‌ಗೂ ಬಾಡಿಗೂ ನಡುವೆ ಹಾಯುವ ಕಡೆ ಇಂಜಿನ್ ಅಲುಗಾಟಕ್ಕೆ ತಕ್ಕ ಬಾಗು. ಕಪ್ಲರಿಗೆ ಬರುವ ವೈರು ಕೆಳಗಿಂದ ಬಂದು ಮೇಲೇರಲಿ, ಆಗ ನೀರು ಕಪ್ಲರಿನೊಳಗೆ ಇಳಿಯದೆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ಚಾಸಿಸ್ ಮೇಲಿನ ಸ್ಲೀವಿಗೆ ತಗ್ಗು ಜಾಗದಲ್ಲಿ ಒಂದು ತೂತು ಮಾಡಿ. ಹಳ್ಳ ದಾಟಿದ ಮೇಲೆ ನೀರು ಅಲ್ಲಿಂದ ಹೋಗಲಿ.

ಮೊದಲ ಕರೆಂಟ್

ಎಲ್ಲ ಫ್ಯೂಸ್ ತೆಗೆದಿಡಿ. ಬ್ಯಾಟರಿ ನೆಗೆಟಿವ್ ಕಂಬಕ್ಕೂ ಕೇಬಲಿಗೂ ನಡುವೆ 21 ವಾಟ್ ಬಲ್ಬ್ ಸಿಕ್ಕಿಸಿ. ಬಲ್ಬ್ ಪೂರ್ತಿ ಉರಿದರೆ ಫ್ಯೂಸ್ ಬಾಕ್ಸಿಗಿಂತ ಮೊದಲೇ ಶಾರ್ಟ್ ಇದೆ ಎಂದರ್ಥ. ಉರಿಯದಿದ್ದರೆ ಕೀ ಹಾಕಿ, ಒಂದೊಂದೇ ಫ್ಯೂಸ್ ಹಾಕುತ್ತಾ ಬನ್ನಿ. ಕ್ಲಸ್ಟರ್ ಹಾಕಿದಾಗ ಬಲ್ಬ್ ಮಂಕಾಗಿ ಉರಿಯುವುದು ಸಹಜ. ಯಾವ ಫ್ಯೂಸಿಗೆ ಪೂರ್ತಿ ಪ್ರಕಾಶ ಬರುತ್ತದೋ ಅಲ್ಲಿ ಒಂದು ಹೆಡ್‌ಲೈಟಿನಂಥ ದೊಡ್ಡ ಲೋಡಿದೆ ಇಲ್ಲವೇ ಶಾರ್ಟಿದೆ. ಶಾರ್ಟ್ ಇದ್ದರೂ ಬಲ್ಬ್ ಉರಿಯುತ್ತದೆಯೇ ಹೊರತು ವೈರ್ ಸುಡುವುದಿಲ್ಲ. ಎಲ್ಲ ಸರಿಯಾದ ಮೇಲೆ ಬಲ್ಬ್ ತೆಗೆದು ನೇರ ಕೊಡಿ, ಆಮೇಲಷ್ಟೇ ಸೆಲ್ಫ್. ಕೀ ತೆಗೆದು ಅದೇ ಜಾಗದಲ್ಲಿ ಮಲ್ಟಿಮೀಟರ್ ಆಂಪಿಯರಿನಲ್ಲಿಟ್ಟರೆ 50 ಮಿಲಿ ಆಂಪಿಯರಿಗಿಂತ ಕಡಿಮೆ ಇರಬೇಕು; ಹೆಚ್ಚಿದ್ದರೆ ಗಾಡಿ ನಿಂತಲ್ಲೇ ಬ್ಯಾಟರಿ ಬೇಗ ಇಳಿದೀತು.

ಇಂಡಿಕೇಟರ್ ಹಾಕಿದಾಗ ಡೀಸೆಲ್ ಮುಳ್ಳು ತಾಳ ಹಾಕಿದರೆ ಕ್ಲಸ್ಟರಿನ ಅರ್ಥ್ ನೋಡಿ. ಬ್ರೇಕ್ ಒತ್ತಿದಾಗ ಪಾರ್ಕ್ ಲೈಟ್‌ಗಳೂ ಮಂಕಾಗಿ ಉರಿದರೆ ಹಿಂದಿನ ಲೈಟಿನ ಅರ್ಥ್. ಇಂಡಿಕೇಟರ್ ಅವಸರವಾಗಿ ಬಡಿದರೆ ಒಂದು ಬಲ್ಬ್ ಹೋಗಿದೆ, ಇಲ್ಲವೇ ಎಲ್‌ಇಡಿ ಹಾಕಿದ್ದೀರಿ. ಎಲ್‌ಇಡಿ ಆದರೆ ಅದಕ್ಕೆ ಹೊಂದುವ ಎಲೆಕ್ಟ್ರಾನಿಕ್ ಫ್ಲಾಷರ್ ಬೇಕು. ವೈಪರ್ ನಡು ಗಾಜಿನಲ್ಲೇ ನಿಂತರೆ ಪಾರ್ಕಿಂಗ್ ವೈರಿಗೆ ಸದಾ ಕರೆಂಟ್ ಕೊಟ್ಟಿಲ್ಲ.

ಮೊದಲ 500 ಕಿ.ಮೀ. ಆದ ಮೇಲೆ, ಆವಲಬೆಟ್ಟದಂಥ ಏರು ಹತ್ತಿಳಿದ ಮೇಲೆ, ಎಲ್ಲ ಅರ್ಥ್ ಬೋಲ್ಟ್, ಬ್ಯಾಟರಿ ಕ್ಲಾಂಪ್ ಮತ್ತೊಮ್ಮೆ ಬಿಗಿ ಮಾಡಿ. ಹೆಡ್‌ಲೈಟ್ ಅರ್ಧ ಗಂಟೆ ಉರಿಸಿ ರಿಲೇ ಬೇಸ್, ಫ್ಯೂಸ್ ಬಾಕ್ಸ್ ಕೈಯಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಚಿಂತೆಯಿಲ್ಲ, ಕೈ ಸುಡುವಷ್ಟಿದ್ದರೆ ಆ ಥಿಂಬಲ್ ಮತ್ತೆ ಕ್ರಿಂಪ್ ಮಾಡಿ. ಗಾಡಿ ಹುಲ್ಲಿನ ಬಣವೆ ಪಕ್ಕ, ರಾಗಿ ಮೂಟೆಯ ಕೊಟ್ಟಿಗೆಯಲ್ಲಿ ನಿಲ್ಲುವುದಾದರೆ ಫೈರ್‌ವಾಲಿನ ಖಾಲಿ ತೂತುಗಳನ್ನೆಲ್ಲ ತಗಡಿನಿಂದ ಮುಚ್ಚಿ. ಇಲಿ ನುಗ್ಗಲು ಹೆಬ್ಬೆರಳಿನಷ್ಟು ತೂತು ಸಾಕು, ಮತ್ತು ಹೊಸ ವೈರ್ ಅದಕ್ಕೆ ಹಳೆಯದಷ್ಟೇ ರುಚಿ. ಯಾವ ಬಣ್ಣ ಎಲ್ಲಿಂದ ಎಲ್ಲಿಗೆ, ಯಾವ ಫ್ಯೂಸ್ ಯಾವುದಕ್ಕೆ ಎಂಬ ನಕ್ಷೆಯನ್ನು ಕನ್ನಡದಲ್ಲಿ ಬರೆದು ಲ್ಯಾಮಿನೇಟ್ ಮಾಡಿಸಿ ಫ್ಯೂಸ್ ಬಾಕ್ಸ್ ಮುಚ್ಚಳದ ಒಳಗೆ ಅಂಟಿಸಿ, ಜೊತೆಗೆ ಒಂದು ಬಿಡಿ ರಿಲೇ, ಪ್ರತಿ ಅಳತೆಯ ಎರಡೆರಡು ಫ್ಯೂಸ್ ಅಲ್ಲೇ ಇರಲಿ.